ತಪ್ಪಮ್ಮನ ಮೇಜಿಗೆ ಬಂದ ಅಪರಿಚಿತ ಅಂಗಿಗಳು

ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರು ಒಂದಿತ್ತು. ಸಂಬಳದ ಚೀಟಿಯ ಮೇಲೆ ಬಿಟ್ಟರೆ ಅದು ಬೇರೆಲ್ಲೂ ಚಲಾವಣೆಯಲ್ಲಿರಲಿಲ್ಲ. ಎದುರಿಗೆ ಬಂದವರು ‘ಅಕ್ಕ’ ಅನ್ನುತ್ತಿದ್ದರು. ಬೆನ್ನು ತಿರುಗಿಸಿದ ಕೂಡಲೇ ‘ತಪ್ಪಮ್ಮ’ ಅನ್ನುತ್ತಿದ್ದರು. ನಾನೂರು ಜನ ದುಡಿಯುವ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಇಂಥದ್ದೊಂದು ಹೆಸರು ಇಪ್ಪತ್ತೆರಡು ವರ್ಷ ಗುಟ್ಟಾಗಿ ಉಳಿಯುವುದುಂಟೆ? ಅವಳಿಗೂ ಗೊತ್ತಿತ್ತು. ಒಮ್ಮೆ ಯಾರೋ ಬಚ್ಚಲಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಆ ಹೆಸರು ಬರೆದಿದ್ದರು. ಪಕಾರಕ್ಕೆ ಒತ್ತು ಬಿಟ್ಟುಹೋಗಿತ್ತು. ಅವಳು ಅದನ್ನು ನೋಡಿ, ಸುತ್ತ ಕಣ್ಣಾಡಿಸಿ, ನೆಲದ ಮೇಲೆ ಬಿದ್ದಿದ್ದ ಸೀಮೆಸುಣ್ಣ ಎತ್ತಿಕೊಂಡು ಒತ್ತು ಸೇರಿಸಿ ಬಂದಳು.

ಅವಳ ಕೆಲಸವೇ ತಪ್ಪು ಹುಡುಕುವುದು. ಮೂರನೇ ಸಾಲಿನ ಕೊನೆಯಲ್ಲಿ, ಎರಡು ಕೊಳವೆದೀಪಗಳ ಕೆಳಗೆ, ಮುಂದಕ್ಕೆ ಇಳಿಜಾರಾಗಿರುವ ಮೇಜು ಅವಳದು. ಹೊಲಿದು ಮುಗಿದ ಅಂಗಿ ಮೊದಲು ಅಲ್ಲಿಗೆ ಬರಬೇಕು. ಕಾಲರಿನ ಎರಡು ತುದಿಯನ್ನೂ ಒಂದಕ್ಕೊಂದು ಜೋಡಿಸಿ ನೋಡುವಳು. ಜೇಬಿನ ಮೂಲೆ ಎಳೆಯುವಳು. ಒಳಗು ಹೊರಗು ಮಾಡಿ ಕಂಕುಳ ಹೊಲಿಗೆಯ ಮೇಲೆ ಹೆಬ್ಬೆರಳು ಓಡಿಸುವಳು. ನಲವತ್ತು ಸೆಕೆಂಡು. ತಪ್ಪಿದ್ದಲ್ಲಿ ಬಾಣದ ಆಕಾರದ ಕೆಂಪು ಚೀಟಿ ಅಂಟಿಸಿ ಹಿಂದಕ್ಕೆ. ಜಪ್ಪಯ್ಯ ಅಂದರೂ ಬಿಡುತ್ತಿರಲಿಲ್ಲ.

ಸಂಜೆ ಆರಕ್ಕೆ ಕಾರ್ಖಾನೆಯ ಗಂಟೆ ಬಾರಿಸಿದರೂ ಅವಳ ಕಣ್ಣಿಗೆ ಮಾತ್ರ ಗಂಟೆ ಬಾರಿಸುತ್ತಿರಲಿಲ್ಲ. ಒಮ್ಮೆ ಜ್ವರ ಬಂದು ಆಸ್ಪತ್ರೆಗೆ ಹೋದಾಗ, ನಾಲಗೆಯಡಿ ಥರ್ಮಾಮೀಟರ್ ಇಟ್ಟುಕೊಂಡೇ ಡಾಕ್ಟರ ಬಿಳಿ ಕೋಟಿನ ಕಡೆ ಬೆರಳು ತೋರಿಸುತ್ತ ಊಂ ಊಂ ಅಂದಳು. ಎದೆನೋವು ಎಂದುಕೊಂಡು ಡಾಕ್ಟರು ಗಾಬರಿಯಾದರು. ಥರ್ಮಾಮೀಟರ್ ತೆಗೆದ ಮೇಲೆ ತಿಳಿಯಿತು: ಅವರ ಜೇಬಿನ ಬಲಮೂಲೆ ಬಿಚ್ಚಿಕೊಳ್ಳುತ್ತಿತ್ತು. ಮಗ ತಾನು ಮದುವೆಯಾಗಲಿದ್ದ ಹುಡುಗಿಯನ್ನು ಮೊದಲ ಸಲ ಮನೆಗೆ ಕರೆತಂದಾಗ ಅವಳು ನೋಡಿದ್ದು ಹುಡುಗಿಯ ಮುಖವನ್ನಲ್ಲ, ತೋಳಿನ ಅಂಚನ್ನು. ಅದನ್ನು ಹುಡುಗಿಯೇ ಮನೆಯಲ್ಲಿ ಮಡಚಿ ಹೊಲಿದುಕೊಂಡಿದ್ದಳು. “ದಾರದ ಬಣ್ಣ ಸರಿಯಿಲ್ಲ. ಗಂಟು ಮಾತ್ರ ಗಟ್ಟಿಯಾಗಿದೆ,” ಅಂದಳು ತಪ್ಪಮ್ಮ. ಅದು ಒಪ್ಪಿಗೆ ಎಂದು ಮಗ ಪಿಸುಗುಟ್ಟಿದ. ಸೊಸೆ ಈಗಲೂ ಬಂದವರೆದುರು ಅತ್ತೆಯ ದನಿಯಲ್ಲೇ ಈ ಮಾತು ಹೇಳಿ ನಗಿಸುತ್ತಾಳೆ. ಅತ್ತೆ ಪಕ್ಕದಲ್ಲೇ ಕೂತು, “ಈಗಲೂ ಬಣ್ಣ ನೋಡೋದು ಕಲ್ತಿಲ್ಲ,” ಎಂದು ಸೇರಿಸುತ್ತಾಳೆ. ಗಂಡ ಶಾಲೆಯ ವ್ಯಾನು ಓಡಿಸುವವನು, ಮಾತು ಕಡಿಮೆ. ಅವನ ಅಂಗಿಯ ಗುಂಡಿಗಳು ಮಾತ್ರ ಊರಲ್ಲೇ ಗಟ್ಟಿ.

ಇಷ್ಟೇ ಆಗಿದ್ದರೆ ತಪ್ಪಮ್ಮ ಒಬ್ಬ ಕೊಂಕು ತೆಗೆಯುವ ಹೆಂಗಸು, ಅಷ್ಟೆ. ಆದರೆ ಅವಳಿಗೆ ಇನ್ನೊಂದು ಶಕ್ತಿ ಇತ್ತು. ಹೊಲಿಗೆ ನೋಡಿ ಹೊಲಿದವರು ಯಾರೆಂದು ಹೇಳುತ್ತಿದ್ದಳು. ಒಬ್ಬಳು ಕೊನೆಯಲ್ಲಿ ಮೂರು ಸಲ ಹಿಂದಕ್ಕೆ ಹೊಲಿಯುತ್ತಾಳೆ, ಮನೆ ಬಾಗಿಲು ಹಾಕಿದ್ದೀನೋ ಇಲ್ಲವೋ ಎಂದು ಮೂರು ಸಲ ಹೋಗಿ ನೋಡುವವಳ ಹಾಗೆ. ಇನ್ನೊಬ್ಬಳು ಊಟದ ಹೊತ್ತು ಹತ್ತಿರ ಬಂದಂತೆ ತಿರುವುಗಳಲ್ಲಿ ಅಗಲವಾಗುತ್ತಾಳೆ. “ಗಂಡನ ಜೊತೆ ಜಗಳ ಆಡ್ಕೊಂಡು ಬಂದಿದೀಯಾ?” ಎಂದು ಅಂಗಿ ಹಿಡಿದು ತಪ್ಪಮ್ಮ ಕೇಳಿದಾಗ, ಹೊಲಿದವಳು ಕಣ್ಣು ಪಿಳಿಪಿಳಿ ಬಿಡುತ್ತ, “ನಿಮಗ್ಯಾರು ಹೇಳಿದ್ರು?” ಅಂದದ್ದುಂಟು.

ಹೀಗಿರುವಾಗ ಒಂದು ಮಂಗಳವಾರ ಬೆಳಿಗ್ಗೆ ಅವಳ ಮೇಜಿಗೆ ಗುರುತು ಪರಿಚಯವಿಲ್ಲದ ಅಂಗಿಗಳು ಬಂದವು.

ತಿಳಿನೀಲಿ ಅಂಗಿ, ಹೊರದೇಶದ ದೊಡ್ಡ ಕಂಪನಿಯ ಆರ್ಡರು. ಬಟ್ಟೆ ಅದೇ, ದಾರ ಅದೇ, ಗುಂಡಿ ಅದೇ. ಹೊಲಿಗೆ ಮಾತ್ರ ಅವಳ ನಾನೂರರಲ್ಲಿ ಯಾರದೂ ಅಲ್ಲ. ತಪ್ಪು ಹುಡುಕಿದಳು. ಇರಲಿಲ್ಲ. ಎರಡನೆಯದು, ಮೂರನೆಯದು, ಇಪ್ಪತ್ತನೆಯದು. ಕೆಂಪು ಚೀಟಿಯ ಸುರುಳಿ ಮುಟ್ಟುವ ಕೆಲಸವೇ ಬೀಳಲಿಲ್ಲ. ತಪ್ಪಮ್ಮನಿಗೆ ತಲೆ ಚಿಟ್ಟು ಹಿಡಿಯಿತು. ಅಂಗಿಯನ್ನು ಮೂಗಿನ ಹತ್ತಿರ ತಂದು ಮೂಸಿದಳು. ರಬ್ಬರಿನ ವಾಸನೆ.

ಹೊಲಿಗೆ ವಿಭಾಗದ ಮ್ಯಾನೇಜರು ಅತ್ತ ಬರುವುದಕ್ಕೂ ಅವಳು ಮೂಸುವುದಕ್ಕೂ ಸರಿಹೋಯಿತು. ಅವನನ್ನು ಎಲ್ಲರೂ ಕರೆಯುತ್ತಿದ್ದುದು ಟಾರ್ಗೆಟ್ ಸಾರ್ ಎಂದು. ಗಂಟೆಗೆ ಎಷ್ಟು ಅಂಗಿ ಎಂಬ ಲೆಕ್ಕವನ್ನು ಬೋರ್ಡಿನ ಮೇಲೆ ಬರೆಯುವುದು, ಅಳಿಸುವುದು, ಇನ್ನೂ ದೊಡ್ಡದಾಗಿ ಬರೆಯುವುದು ಅವನ ಉದ್ಯೋಗ.

“ಏನಕ್ಕ, ಅಂಗಿ ಮೂಸ್ತಿದ್ದೀರಾ?”

“ಇವು ನಮ್ಮ ಮನೆ ಮಕ್ಕಳಲ್ಲ ಸಾರ್. ಎಲ್ಲಿಂದ ಬಂದವು?”

“ಹೊಸಬರು ಸೇರಿದಾರೆ, ಎರಡನೇ ಸಾಲಲ್ಲಿ.”

“ಎರಡನೇ ಸಾಲಲ್ಲಿ ಹೊಸಬಳು ಒಬ್ಬಳೇ. ಅವಳಿಗೆ ಇನ್ನೂ ಸೂಜಿಗೆ ದಾರ ಪೋಣಿಸೋಕೆ ಎರಡು ನಿಮಿಷ ಬೇಕು.”

“ತಪ್ಪಿದ್ರೆ ಹೇಳಿ ಅಕ್ಕ. ಸರಿಯಿದ್ರೆ ಮುಂದಕ್ಕೆ ಕಳ್ಸಿ,” ಎಂದು ಟಾರ್ಗೆಟ್ ಸಾರ್ ಬೋರ್ಡಿನ ಕಡೆ ಕಾಲುಕಿತ್ತ.

ಅವಳು ಮುಂದಕ್ಕೆ ಕಳಿಸಿದಳು. ಆದರೆ ಗುರುವಾರದ ಹೊತ್ತಿಗೆ ಒಂದು ವಿಷಯ ಅವಳ ಬೆರಳಿಗೆ ಸಿಕ್ಕಿಬಿಟ್ಟಿತು. ಅಂಗಿಯ ತೋಳಿನಲ್ಲಿ, ಮುಂಗೈ ಪಟ್ಟಿಯ ಮೇಲೆ ಒಂದು ಸೀಳು ಇರುತ್ತದಲ್ಲ, ಅದರ ತುದಿಯಲ್ಲಿ ಪುಟ್ಟ ಚೌಕದ ಹೊಲಿಗೆ ಇರುತ್ತದೆ. ಎಲ್ಲರೂ ಆ ಚೌಕವನ್ನು ಬಲಮೂಲೆಯಿಂದ ಶುರುಮಾಡಿ ಬಲಮೂಲೆಯಲ್ಲೇ ಮುಗಿಸುತ್ತಾರೆ. ಈ ಅಂಗಿಗಳಲ್ಲಿ ಕೆಲವು ಎಡಮೂಲೆಯಿಂದ ಶುರುವಾಗಿದ್ದವು. ಹಾಗೆ ಹೊಲಿಯುವ ಒಬ್ಬಳೇ ಒಬ್ಬಳನ್ನು ತಪ್ಪಮ್ಮ ಬಲ್ಲಳು.

ಅವಳು ಎಡಚಿ. ಎಡಗೈಯವಳಾದ್ದರಿಂದ ಆ ಹೆಸರು. ಐದು ವರ್ಷದ ಹಿಂದೆ ಇದೇ ಮೂರನೇ ಸಾಲಿನಲ್ಲಿ ಇದ್ದಳು. ಬಾಯಿ ಜೋರು, ಕೈ ಅದಕ್ಕಿಂತ ಜೋರು. ತಪ್ಪಮ್ಮನ ಎದುರಿಗೇ ‘ತಪ್ಪಮ್ಮ’ ಅನ್ನುತ್ತಿದ್ದವಳು ಅವಳೊಬ್ಬಳೇ. ಆಗ ಕೆಲಸ ಬೇಗ ಸಾಗಲೆಂದು ಪ್ರತಿ ಯಂತ್ರಕ್ಕೂ ಬಟ್ಟೆ ತಾನಾಗಿ ಮಡಚುವ ಒಂದು ಲೋಹದ ತುಂಡು ಜೋಡಿಸಿದರು. ಅದನ್ನು ಮಾಡಿದವನ ತಲೆಯಲ್ಲಿ ಜಗತ್ತಿನಲ್ಲಿ ಎಡಗೈಯವರೂ ಇರಬಹುದೆಂಬ ಆಲೋಚನೆ ಸುಳಿದಿರಲಿಲ್ಲ. ಎಡಚಿಯ ಹೊಲಿಗೆ ಸೊಟ್ಟಗಾಯಿತು. ತಪ್ಪಮ್ಮ ನಿಯತ್ತಾಗಿ ಕೆಂಪು ಚೀಟಿ ಅಂಟಿಸಿದಳು. ಒಂದು ತಿಂಗಳಲ್ಲಿ ಟಾರ್ಗೆಟ್ ಸಾರ್ ಆ ಚೀಟಿಗಳನ್ನೆಲ್ಲ ಒಟ್ಟುಮಾಡಿ ಎಡಚಿಯ ಮುಂದಿಟ್ಟು, ನಾಳೆಯಿಂದ ಬರಬೇಡ ಅಂದ. ಎಡಚಿ ಹೋಗುವಾಗ ತಪ್ಪಮ್ಮನ ಮೇಜಿನ ಹತ್ತಿರ ನಿಂತಳು. ತಪ್ಪಮ್ಮ ಒಂದು ಕಾಲರನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ನೋಡುತ್ತಲೇ ಇದ್ದಳು. ಚೀಟಿ ಒಂದೂ ಸುಳ್ಳಾಗಿರಲಿಲ್ಲ. ಅದೇ ಅವಳ ಸಮಾಧಾನ, ಅದೇ ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳು.

ಆ ಸಂಜೆ ಊಟಕ್ಕೆ ಕೂತಾಗ ಗಂಡನನ್ನು ಕೇಳಿದಳು: “ರಬ್ಬರ್ ವಾಸನೆ ಎಲ್ಲಿ ಬರುತ್ತೆ?”

“ಟೈರ್ ಬೀದೀಲಿ,” ಅಂದ ಅವನು. ವ್ಯಾನಿಗೆ ಟೈರು ಹಾಕಿಸುವುದು ಅಲ್ಲೇ. ಒಂದು ತುತ್ತು ನುಂಗಿ, ಆ ವರ್ಷದಲ್ಲೇ ಉದ್ದವೆನ್ನಬಹುದಾದ ಮಾತಾಡಿದ: “ಅಲ್ಲಿ ಕೊನೇ ಅಂಗಡಿ ಮೇಲೆ ಮಹಡಿ ಇದೆ. ಟೈರ್ ಹಾಕಿಸ್ತಾ ಕೂತಿರುವಾಗ ಹೊಲಿಗೆ ಮಿಷಿನ್ ಸದ್ದು ಕೇಳ್ಸುತ್ತೆ. ತುಂಬಾ ಮಿಷಿನ್.”

“ಇದನ್ನ ಮೊದಲೇ ಹೇಳೋಕೆ ಏನಾಗಿತ್ತು ನಿಮಗೆ?”

“ನೀನು ಕೇಳಲಿಲ್ಲ.”

ಭಾನುವಾರ ಮಧ್ಯಾಹ್ನ ಇಬ್ಬರೂ ವ್ಯಾನಿನಲ್ಲಿ ಹೋದರು. ಟೈರ್ ಬೀದಿಯಲ್ಲಿ ಉಳಿದ ಅಂಗಡಿಗಳೆಲ್ಲ ಮುಚ್ಚಿದ್ದವು. ಕೊನೆಯ ಅಂಗಡಿಯವನು ಮಾತ್ರ ಟೈರುಗಳ ರಾಶಿಯ ಮೇಲೆ ಕೂತು ಪೇಪರು ಓದುತ್ತಿದ್ದ. ಮೇಲೆ ಮಹಡಿಯಲ್ಲಿ ಯಂತ್ರಗಳು ಗರ್ರೆನ್ನುತ್ತಿದ್ದವು. ಭಾನುವಾರವೂ! ಪಕ್ಕದ ಕಿರಿದಾದ ಮೆಟ್ಟಿಲು ಹತ್ತಿ ಹೋದರೆ ಕಬ್ಬಿಣದ ಬಾಗಿಲು, ಹೊರಗಿನಿಂದ ಬೀಗ. ತಪ್ಪಮ್ಮ ಇಳಿದು ಬಂದು, ಬೀದಿಯಲ್ಲಿ ನಿಂತು, ಕಂಬಿ ಹಾಕಿದ ಕಿಟಕಿಯ ಕಡೆ ಕತ್ತೆತ್ತಿ ಕೂಗಿದಳು.

“ಎಡಚೀ!”

ಒಂದು ಯಂತ್ರದ ಸದ್ದು ನಿಂತಿತು. ಕಿಟಕಿಗೆ ಅಡ್ಡಲಾಗಿದ್ದ ಬಟ್ಟೆಯ ಗಂಟು ಪಕ್ಕಕ್ಕೆ ಸರಿದು, ಅದರ ಸಂದಿಯಲ್ಲಿ ಮುಖವೊಂದು ಕಾಣಿಸಿತು. ಕೂದಲು ಸ್ವಲ್ಪ ನರೆತಿತ್ತು.

“ಅಯ್ಯೋ, ತಪ್ಪಮ್ಮ! ಇಲ್ಲಿಗೂ ಕೆಂಪು ಚೀಟಿ ತಂದ್ಯಾ?”

“ನಿನ್ನ ಚೌಕ ನೋಡಿ ಬಂದೆ.”

“ಸರಿಯಾಗಿತ್ತಾ?”

“ಸರಿಯಾಗಿತ್ತು,” ಎಂದು ತಪ್ಪಮ್ಮ ಒಪ್ಪಿಕೊಂಡಳು. ಅಷ್ಟು ಹೇಳಲು ಅವಳಿಗೆ ಎಷ್ಟು ಕಷ್ಟವಾಯಿತೆಂದು ಗಂಡನಿಗೆ ಮಾತ್ರ ಗೊತ್ತು. “ಎಷ್ಟು ಜನ ಇದೀರಿ?”

“ಹನ್ನೊಂದು. ಒಂದು ಬಚ್ಚಲು, ಎರಡು ಫ್ಯಾನು. ಅದ್ರಲ್ಲೊಂದು ತಿರುಗುತ್ತೆ.”

“ಬಾಗಿಲಿಗೆ ಬೀಗ ಯಾಕೆ?”

“ಕಾಂಟ್ರಾಕ್ಟರ್ ಹಾಕ್ಕೊಂಡು ಹೋಗ್ತಾನೆ. ಸಂಜೆ ಬಂದು ತೆಗೀತಾನೆ. ನಾವೇನು ಓಡಿಹೋಗ್ತೀವಾ? ಅಂಗಿ ಓಡಿಹೋಗುತ್ತೆ ಅಂತ ಅವನಿಗೆ ಭಯ.”

“ಬೆಂಕಿಗಿಂಕಿ ಬಿದ್ರೆ?”

“ಬಿದ್ರೆ ನೀನು ಕೆಳಗೆ ನಿಂತು ಹಿಡ್ಕೋ.”

ಎಡಚಿ ನಕ್ಕಳು. ತಪ್ಪಮ್ಮನಿಗೆ ನಗು ಬರಲಿಲ್ಲ. ಅವಳು ಕೆಳಗಿನ ಅಂಗಡಿ ನೋಡಿದಳು. ಟೈರಿನ ರಾಶಿ ಸೂರು ಮುಟ್ಟಿತ್ತು. ಟೈರಿನವನು ಪೇಪರು ಮಡಚಿ, ತನಗೆ ಇದರಲ್ಲಿ ಸಂಬಂಧವಿಲ್ಲವೆಂಬ ಮುಖ ಮಾಡಿಕೊಂಡು, ಸೇದುತ್ತಿದ್ದ ಬೀಡಿಯನ್ನು ಮೆಲ್ಲಗೆ ನೆಲಕ್ಕೆ ಹೊಸಕಿ ನಂದಿಸಿದ.

ಸೋಮವಾರ ತಪ್ಪಮ್ಮ ಹನ್ನೆರಡು ಅಂಗಿ ಹೆಗಲಿಗೆ ಹಾಕಿಕೊಂಡು ಯಜಮಾನನ ಗಾಜಿನ ಕೋಣೆಗೆ ಹೋದಳು. ಯಜಮಾನ ನಲವತ್ತರ ಆಸುಪಾಸಿನವನು, ಕೆಟ್ಟವನಲ್ಲ. ಕೆಲಸಗಾರರ ಮಕ್ಕಳ ಹೆಸರು ಕೇಳಿ ತಿಳಿದುಕೊಳ್ಳುತ್ತಿದ್ದ, ಮರುದಿನ ಅದಲುಬದಲು ಮಾಡಿ ಹೇಳುತ್ತಿದ್ದ. ಅವಳು ಅಂಗಿಗಳನ್ನು ಅವನ ಮೇಜಿನ ಮೇಲೆ ಸಾಲಾಗಿ ಹರಡಿ, ಒಂದೊಂದರ ಮೇಲೂ ಬೆರಳಿಟ್ಟು ಹೊಲಿದವರನ್ನು ಹೇಳುತ್ತ ಬಂದಳು. ಒಂಬತ್ತನೆಯದಕ್ಕೆ ನಿಂತಳು.

“ಇಲ್ಲಿಂದ ನಾಲ್ಕು ಟೈರ್ ಬೀದಿಯವು. ಇದು ನಮ್ಮ ಎಡಚಿದು.”

ಯಜಮಾನ ಎದ್ದು ಕೋಣೆಯ ಬಾಗಿಲು ಹಾಕಿದ. ಕೋಣೆ ಗಾಜಿನದಾದ್ದರಿಂದ ಅದರಿಂದ ಹೆಚ್ಚೇನೂ ಪ್ರಯೋಜನವಾಗಲಿಲ್ಲ.

“ಅಕ್ಕ, ನಿಮಗೆ ಬಿಡಿಸಿ ಹೇಳ್ತೀನಿ ಕೇಳಿ. ಕಂಪನಿಯವರು ಈ ಸಲ ಬೆಲೆ ಇಳಿಸಿದ್ರು. ಅದರ ಮೇಲೆ ಎರಡು ವಾರ ಮುಂಚೆ ಬೇಕು ಅಂದ್ರು. ನಾನು ಆಗಲ್ಲ ಅಂದ್ರೆ ಸಮುದ್ರದ ಆಚೆ ಇನ್ಯಾರೋ ಆಗುತ್ತೆ ಅಂತಾನೆ. ಅವನು ಆಗುತ್ತೆ ಅಂದ ದಿನ ನಿಮ್ಮ ಮೂರನೇ ಸಾಲು ಇರಲ್ಲ. ಅದಕ್ಕೇ ಒಂದಿಷ್ಟು ಕೆಲಸ ಹೊರಗೆ ಕೊಟ್ಟೆ. ನಾನೂರು ಜನರನ್ನ ಉಳಿಸೋಕೆ ಮಾಡಿದ್ದು ಇದು.”

“ಕಂಪನಿಯವರಿಗೆ ಗೊತ್ತಾ?”

“ಹೊರಗೆ ಕೊಡಬಾರದು ಅಂತ ಅವರ ನಿಯಮ. ಹೊರಗೆ ಕೊಡದೆ ಮುಗಿಸೋಕೆ ಆಗದಷ್ಟು ಬೇಗ ಬೇಕು ಅನ್ನೋದೂ ಅವರೇ. ಎರಡೂ ಒಂದೇ ಕಾಗದದಲ್ಲಿ ಬರ್ಕೊಂಡು ಬರ್ತಾರೆ.”

ಆ ಕಾಗದ ಅಂಗಿಯಾಗಿದ್ದರೆ ತಪ್ಪಮ್ಮ ಒಳಗು ಹೊರಗು ಮಾಡಿ ನೋಡಬಹುದಿತ್ತು. ಅಂಗಿಗಳನ್ನು ಮತ್ತೆ ಹೆಗಲಿಗೆ ಹಾಕಿಕೊಳ್ಳುತ್ತ ಕೇಳಿದಳು: “ಬೀಗದ ವಿಷಯ?”

“ಯಾವ ಬೀಗ?”

ಅವನ ಮುಖ ನೋಡಿದರೆ ನಿಜವಾಗಿಯೂ ಗೊತ್ತಿರಲಿಲ್ಲ. ಹೇಳಿದಳು. ವಿಚಾರಿಸ್ತೀನಿ ಅಂದ. ಯಜಮಾನರುಗಳ ಡಿಕ್ಷನರಿಯಲ್ಲಿ ಆ ಪದಕ್ಕೆ ಯಾವ ಅರ್ಥವೋ. ಟಾರ್ಗೆಟ್ ಸಾರನ್ನು ವಿಚಾರಿಸಿದ, ಟಾರ್ಗೆಟ್ ಸಾರ್ ಕಾಂಟ್ರಾಕ್ಟರನನ್ನು ವಿಚಾರಿಸಿದ, ಕಾಂಟ್ರಾಕ್ಟರ ‘ಎಲ್ಲ ಸರಿಯಿದೆ’ ಅಂದ. ವಿಚಾರಣೆ ಮುಗಿಯಿತು.

ಅಷ್ಟರಲ್ಲಿ ಕಂಪನಿಯಿಂದ ತಪಾಸಣೆ ಬರುವ ಸುದ್ದಿ ಬಂತು, ಆ ಗುರುವಾರಕ್ಕೇ. ಕಾರ್ಖಾನೆಗೆ ಹೊಸ ಕಳೆ ಬಂದುಬಿಟ್ಟಿತು. ಬೆಂಕಿ ನಂದಿಸುವ ಕೆಂಪು ಕೊಳವೆಗಳ ಮೇಲಿನ ಜೇಡರ ಬಲೆ ಹೋಯಿತು. ಔಷಧಿ ಪೆಟ್ಟಿಗೆಯಲ್ಲಿ ಔಷಧಿ ಬಂತು. ಬಚ್ಚಲಿನಲ್ಲಿ ಸೋಪು ಕಾಣಿಸಿಕೊಂಡಿತು. ಅದು ಶುಕ್ರವಾರದವರೆಗೆ ಉಳಿಯುವುದೇ ಎಂದು ಹುಡುಗಿಯರು ಪಂಥ ಕಟ್ಟಿದರು. ಟಾರ್ಗೆಟ್ ಸಾರ್ ಇಪ್ಪತ್ತು ಪ್ರಶ್ನೆ, ಇಪ್ಪತ್ತು ಉತ್ತರಗಳ ಹಾಳೆ ಹಂಚಿದ. ತಪಾಸಣೆಯವರು ಯಾರನ್ನು ಕೇಳಿದರೂ ಹೀಗೇ ಹೇಳಬೇಕು. ತಪ್ಪಮ್ಮ ತನ್ನ ಹಾಳೆ ಓದಿ, ಕಾಲು ಗಂಟೆಯಲ್ಲಿ ವಾಪಸು ಕೊಟ್ಟಳು. ಮೂರು ಕಡೆ ಕೆಂಪು ಬಾಣ.

“ಏಳನೇ ಉತ್ತರದಲ್ಲಿ ದಿನಕ್ಕೆ ಎಂಟು ಗಂಟೆ ಕೆಲಸ ಅಂತಿದೆ. ಹನ್ನೆರಡನೇದರಲ್ಲಿ ಒಂಬತ್ತನೇ ಗಂಟೇಲಿ ಟೀ ಕೊಡ್ತಾರೆ ಅಂತಿದೆ. ಎಂಟು ಗಂಟೆ ಕೆಲಸ ಮಾಡಿ, ಒಂದು ಗಂಟೆ ಟೀಗೆ ಕಾಯ್ತಾ ಕೂತಿರ್ತೀವಾ ಸಾರ್?”

ಟಾರ್ಗೆಟ್ ಸಾರ್ ಹರಳೆಣ್ಣೆ ಕುಡಿದವನ ಮುಖ ಮಾಡಿ ತಿದ್ದಿಕೊಂಡ. ಆಮೇಲೆ ದನಿ ತಗ್ಗಿಸಿ, “ಅಕ್ಕ, ತಪಾಸಣೆಯವರ ಮುಂದೆ ಮಾತಾಡೋಕೆ ನಿಮ್ಮನ್ನೇ ಕಳಿಸ್ತೀನಿ. ನೀವು ಸುಳ್ಳು ಹೇಳಲ್ಲ ಅಂತ ಮುಖ ನೋಡಿದ್ರೇ ಗೊತ್ತಾಗುತ್ತೆ,” ಅಂದ. ಆ ಮಾತಿನ ಕೊನೆ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಅವನು ಯೋಚಿಸಿರಲಿಲ್ಲ.

ತಪಾಸಣೆಗೆ ಬಂದವಳು ಮೂವತ್ತರ ಹೆಂಗಸು. ಭಾಷೆ ಕಲಿತಿದ್ದಳು, ಆದರೆ ಪುಸ್ತಕದಿಂದ. ಬಾಯಿ ಬಿಟ್ಟರೆ ಸರ್ಕಾರಿ ಪತ್ರ ಓದಿದ ಹಾಗಿರುತ್ತಿತ್ತು. ಊಟದ ಕೋಣೆಯ ಮೂಲೆಯಲ್ಲಿ ತಪ್ಪಮ್ಮನನ್ನು ಎದುರು ಕೂರಿಸಿಕೊಂಡು ಬಾಗಿಲು ಮುಚ್ಚಿದಳು.

“ತಾವು ಪರಿಶೀಲಿಸುವ ಎಲ್ಲ ಅಂಗಿಗಳೂ ಈ ಕಟ್ಟಡದಲ್ಲಿಯೇ ಹೊಲಿಯಲ್ಪಡುತ್ತವೆಯೇ?”

ಹಾಳೆಯಲ್ಲಿ ಇದು ಹದಿನೇಳನೆಯ ಪ್ರಶ್ನೆ. ಉತ್ತರ ‘ಹೌದು’. ತಪ್ಪಮ್ಮನ ಕಣ್ಣು ತಾನಾಗಿ ಎದುರಿನವಳ ಮುಂಗೈ ಪಟ್ಟಿಯ ಮೇಲೆ ಹೋಯಿತು.

“ನೀವು ಹಾಕ್ಕೊಂಡಿರೋದು ನಿಮ್ಮ ಕಂಪನಿದೇ ಅಂಗಿನಾ?”

“ಹೌದು.”

“ಇದನ್ನ ಹೊಲಿದವಳಿಗೆ ಮಧ್ಯದಲ್ಲಿ ಎದ್ದು ನೀರು ಕುಡಿಯೋಕೆ ಬಿಟ್ಟಿಲ್ಲ. ನೋಡಿ, ಇಲ್ಲಿವರೆಗೆ ಕೈ ಚೆನ್ನಾಗಿದೆ. ಇಲ್ಲಿಂದ ಅವಸರ.”

ತಪಾಸಣೆಯವಳು ಕೈ ತಿರುಗಿಸಿ ತನ್ನ ತೋಳನ್ನೇ ಮೊದಲ ಸಲ ನೋಡುವವಳ ಹಾಗೆ ನೋಡಿಕೊಂಡಳು.

“ನಾನೊಂದು ಕೇಳ್ಲಾ?” ಅಂದಳು ತಪ್ಪಮ್ಮ. “ನನ್ನ ಉತ್ತರ ತಗೊಂಡು ನೀವೇನು ಮಾಡ್ತೀರಿ?”

“ವರದಿಯಲ್ಲಿ ದಾಖಲಿಸುತ್ತೇನೆ.”

“ಆಮೇಲೆ?”

ಆ ಹೆಂಗಸು ಪುಸ್ತಕದ ಭಾಷೆಯಲ್ಲೇ, ಆದರೆ ನಿಧಾನವಾಗಿ ಹೇಳಿದಳು: ಕಾರ್ಖಾನೆ ಮುಚ್ಚಿಟ್ಟದ್ದನ್ನು ತಾನು ಪತ್ತೆ ಹಚ್ಚಿದರೆ ಏಳು ದಿನದಲ್ಲಿ ಆರ್ಡರು ರದ್ದು. ಕಾರ್ಖಾನೆಯವರೇ ಮುಂದಾಗಿ ಒಪ್ಪಿಕೊಂಡರೆ ಸರಿಪಡಿಸಲು ಮೂರು ತಿಂಗಳ ಗಡುವು. ನಿಯಮ ಹಾಗಿದೆ.

“ರದ್ದಾದ್ರೆ ಬೀಗ ಹಾಕಿದ ಮನೇಲಿ ಕೂತವರಿಗೆ ಏನು ಸಿಗುತ್ತೆ?” ಎಂದುಬಿಟ್ಟಳು ತಪ್ಪಮ್ಮ. ಆಡಿದ ಮೇಲೆ ನಾಲಗೆ ಕಚ್ಚಿಕೊಂಡಳು.

ತಪಾಸಣೆಯವಳು ಯಾವ ಬೀಗ ಎಂದು ಕೇಳಲಿಲ್ಲ. ಪೆನ್ನಿನ ಮುಚ್ಚಳ ಹಾಕಿದಳು. ಗಡಿಯಾರ ನೋಡಿದಳು. “ಈಗ ಭೋಜನ ವಿರಾಮ. ಒಂದು ಗಂಟೆಯ ಕಾಲಾವಕಾಶವಿದೆ. ಹದಿನೇಳನೆಯ ಉತ್ತರವನ್ನು ವಿರಾಮದ ನಂತರ ಬರೆದುಕೊಳ್ಳುತ್ತೇನೆ,” ಎಂದು ಎದ್ದು ಹೋದಳು.

ತಪ್ಪಮ್ಮ ಊಟದ ಡಬ್ಬಿ ಮುಟ್ಟಲಿಲ್ಲ. ನೇರ ಗಾಜಿನ ಕೋಣೆಗೆ ಹೋಗಿ, ನಿಂತುಕೊಂಡೇ ಎಲ್ಲ ಹೇಳಿದಳು.

“ನೀವೇ ಹೇಳಿದ್ರೆ ಮೂರು ತಿಂಗಳು. ನಾನು ಹೇಳಿದ್ರೆ ಏಳು ದಿನ. ಹೊಲಿಗೆ ವಿಷಯದಲ್ಲಿ ನನಗೆ ಸುಳ್ಳು ಬರಲ್ಲ.”

“ಹೆದರಿಸ್ತಿದ್ದೀರಾ ಅಕ್ಕ?”

“ಇಲ್ಲಪ್ಪ. ಟೈಮ್ ಹೇಳ್ತಿದ್ದೀನಿ. ಐವತ್ತೆರಡು ನಿಮಿಷ ಇದೆ.”

ಅವಳು ಕುರ್ಚಿಯ ಬೆನ್ನು ಹಿಡಿದುಕೊಂಡಿದ್ದಳು. ಹಿಡಿದಿದ್ದ ಕಡೆ ಕವರಿನ ಹೊಲಿಗೆ ಬಿಟ್ಟಿರುವುದು ಬೆರಳಿಗೆ ಗೊತ್ತಾಯಿತು, ಆದರೆ ಅದನ್ನು ಹೇಳುವ ಹೊತ್ತು ಇದಲ್ಲವೆಂದು ಸುಮ್ಮನಾದಳು. ಅವಳ ಜೀವಮಾನದಲ್ಲಿ ಒಂದು ತಪ್ಪನ್ನು ಕಂಡೂ ಹೇಳದೆ ಬಿಟ್ಟದ್ದು ಅದೊಂದೇ ಇರಬೇಕು.

ಯಜಮಾನ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು, “ನಾನು ಆ ಬೀಗ ನೋಡಬೇಕು,” ಅಂದ.

ಅವನ ಕಾರಿಗೆ ಅಡ್ಡಲಾಗಿ ತಪಾಸಣೆಯವಳ ಕಾರು ನಿಂತಿತ್ತು. ಅದರ ಡ್ರೈವರು ಊಟಕ್ಕೆ ಹೋಗಿದ್ದ. ತಪ್ಪಮ್ಮನ ಗಂಡ ಮಕ್ಕಳನ್ನು ಶಾಲೆಗೆ ಬಿಟ್ಟು, ದಿನದ ಹಾಗೆ ಕಾರ್ಖಾನೆಯ ಗೇಟಿನ ನೆರಳಲ್ಲಿ ಊಟ ಮುಗಿಸಿ ಕೂತಿದ್ದ. ಹಾಗಾಗಿ ನಾನೂರು ಜನರ ಯಜಮಾನ ಆ ದಿನ ಶಾಲೆಯ ವ್ಯಾನಿನ ಹಿಂದಿನ ಸೀಟಿನಲ್ಲಿ, ಮಂಡಿ ಗಲ್ಲಕ್ಕೆ ತಾಗುವಂತೆ ಕೂತು, ಮಕ್ಕಳು ಚೂಯಿಂಗ್ ಗಮ್ ಅಂಟಿಸಿದ್ದ ಕಂಬಿ ಹಿಡಿದು ಟೈರ್ ಬೀದಿಗೆ ಹೋದ.

ಮೆಟ್ಟಿಲು ಹತ್ತಿ ಬೀಗದ ಮುಂದೆ ನಿಂತ. ಒಳಗೆ ಯಂತ್ರಗಳ ಸದ್ದು. ಬೀಗವನ್ನು ಒಂದು ಸಲ ಕೈಯಲ್ಲಿ ಹಿಡಿದು ಎಳೆದ. ಕಾಂಟ್ರಾಕ್ಟರನಿಗೆ ಫೋನು ಮಾಡಿದ. ಅವನು ಬೇರೆ ಊರಲ್ಲಿದ್ದ, ಕೀಲಿ ಅವನ ಜೇಬಲ್ಲಿತ್ತು, ಸಂಜೆಗೆ ಬರುತ್ತೇನೆ ಅಂದ. ಯಜಮಾನ ಫೋನಿಟ್ಟು ಕೆಳಗಿನ ಟೈರಿನ ರಾಶಿ ನೋಡಿದ, ಮತ್ತೆ ಬೀಗ ನೋಡಿದ.

“ಇದನ್ನ ಒಡೀರಿ,” ಅಂದ ಟೈರಿನವನಿಗೆ.

ಟೈರಿನವನು ಇದಕ್ಕೇ ಎರಡು ವರ್ಷದಿಂದ ಕಾದಿದ್ದವನ ಹಾಗೆ, ಚಕ್ರ ಕಳಚುವ ಉದ್ದನೆಯ ಕಬ್ಬಿಣ ಹಿಡಿದು ಮೆಟ್ಟಿಲು ಹತ್ತಿದ. ಮೂರೇ ಏಟು. ಬಾಗಿಲು ತೆರೆದಾಗ ಒಳಗಿನ ಬಿಸಿಗಾಳಿ ಮುಖಕ್ಕೆ ರಾಚಿತು. ಹನ್ನೊಂದು ಮಂದಿ ಹೊಲಿಯುವುದನ್ನು ನಿಲ್ಲಿಸಿ ನೋಡಿದರು. ಯಾರೂ ಏಳಲಿಲ್ಲ, ಬಾಗಿಲು ಮಧ್ಯಾಹ್ನ ತೆರೆದರೆ ಏನು ಮಾಡಬೇಕೆಂಬ ಅಭ್ಯಾಸ ಅವರಿಗೆ ತಪ್ಪಿಹೋಗಿತ್ತು. ಕೊನೆಗೆ ಎಡಚಿ ಎದ್ದು ಬಂದು ಯಜಮಾನನ ಮುಂದೆ ನಿಂತಳು.

“ಐದು ವರ್ಷ ಆಯ್ತಲ್ಲ ಸ್ವಾಮಿ ನಿಮ್ಮನ್ನ ನೋಡಿ. ಸ್ವಲ್ಪ ಇಳಿದುಹೋಗಿದೀರಾ.”

“ನೀರು ಕುಡೀತೀರಾ?” ಅಂದ ಯಜಮಾನ. ಅದು ಅವರ ಜಾಗ, ಅವನು ಅತಿಥಿ ಎಂಬುದು ಆಮೇಲೆ ನೆನಪಾಗಿ ಇನ್ನಷ್ಟು ಮುಜುಗರಪಟ್ಟ.

ಎರಡು ಗಂಟೆಗೆ ಐದು ನಿಮಿಷವಿರುವಾಗ ಅವನು ಊಟದ ಕೋಣೆಗೆ ಹೋಗಿ ತಪಾಸಣೆಯವಳ ಎದುರು ತಾನೇ ಕೂತ. ತಪ್ಪಮ್ಮ ಹೊರಗೆ ನಿಂತಿದ್ದಳು. ಹದಿನೇಳನೆಯ ಪ್ರಶ್ನೆಯನ್ನು ಆಮೇಲೆ ಅವಳಿಗೆ ಯಾರೂ ಕೇಳಲಿಲ್ಲ.

ಎಲ್ಲ ಒಂದೇ ದಿನದಲ್ಲಿ ಸರಿಹೋಯಿತೆಂದು ಯಾರೂ ತಿಳಿಯಬಾರದು. ಟೈರ್ ಬೀದಿಯವರಿಗೆಂದು, ಖಾಲಿ ರಟ್ಟಿನ ಪೆಟ್ಟಿಗೆ ತುಂಬಿದ್ದ ಕಾರ್ಖಾನೆಯ ಮೇಲ್ಮಹಡಿಯನ್ನು ತೆರವು ಮಾಡಿ, ಎರಡು ಕಡೆ ಮೆಟ್ಟಿಲು ಬಿಡಿಸಿ, ಹನ್ನೊಂದು ಯಂತ್ರ ತರಲು ಎರಡೂವರೆ ತಿಂಗಳು ಹಿಡಿಯಿತು. ಅಷ್ಟರಲ್ಲಿ ಇಬ್ಬರು ದಾರಿ ದೂರವೆಂದು ಬೇರೆ ಕಡೆ ಹೋದರು. ಒಂಬತ್ತು ಮಂದಿ ಬಂದರು. ಎಡಚಿ ಒಂದು ಷರತ್ತಿನ ಮೇಲೆ ಬಂದಳು: ಬಟ್ಟೆ ಮಡಚುವ ಆ ಲೋಹದ ತುಂಡನ್ನು ಎಡಗೈಗೂ ಮಾಡಿಸಬೇಕು. ಕಾರ್ಖಾನೆಯ ಮೆಕ್ಯಾನಿಕ್ ಅದನ್ನು ಒಂದು ಮಧ್ಯಾಹ್ನದಲ್ಲಿ ಬಗ್ಗಿಸಿಕೊಟ್ಟ. “ಇಷ್ಟೇನಾ? ಆವತ್ತೇ ಕೇಳಿದ್ರೆ ಆವತ್ತೇ ಮಾಡ್ತಿದ್ದೆ,” ಅಂದ. ಅದನ್ನು ಕೇಳಿಸಿಕೊಂಡ ತಪ್ಪಮ್ಮ ಆ ಸಂಜೆ ಎಡಚಿಯ ಯಂತ್ರದ ಬಳಿ ಹೋಗಿ ನಿಂತಳು.

“ಆವತ್ತು ನಾನು ಚೀಟಿ ಅಂಟಿಸೋ ಬದಲು ಮಿಷಿನ್ ನೋಡಬೇಕಿತ್ತು ಕಣೆ.”

“ಹೂಂ. ನೋಡಬೇಕಿತ್ತು,” ಅಂದಳು ಎಡಚಿ. ಮುಖ ಎತ್ತಲಿಲ್ಲ. ಒಂದು ತೋಳು ಮುಗಿಸಿ ದಾರ ಕತ್ತರಿಸಿದ ಮೇಲೆ, “ಕೂತ್ಕೋ. ನಿಂತ್ಕೊಂಡು ಕ್ಷಮೆ ಕೇಳಿದ್ರೆ ಕಾಲು ನೋಯುತ್ತೆ,” ಎಂದು ಸ್ಟೂಲು ಎಳೆದಳು.

ಟಾರ್ಗೆಟ್ ಸಾರ್ ಕೆಲಸದಲ್ಲೇ ಉಳಿದ. ಬೋರ್ಡಿನ ಮೇಲೆ ಈಗಲೂ ಬರೆಯುತ್ತಾನೆ, ಅಕ್ಷರ ಸ್ವಲ್ಪ ಚಿಕ್ಕದಾಗಿದೆ. ದೊಡ್ಡ ಕಂಪನಿಯಿಂದ ಒಂದು ಕಾಗದ ಬಂತು. ಕಾರ್ಖಾನೆಯ ಪಾರದರ್ಶಕತೆಯನ್ನು ಎರಡು ಪುಟ ಹೊಗಳಿ, ಮೂರನೇ ಪುಟದಲ್ಲಿ ಮುಂದಿನ ಆರ್ಡರನ್ನು ಮೂರನೇ ಒಂದು ಭಾಗ ಕಡಿಮೆ ಮಾಡಿದ್ದರು. ಯಜಮಾನ ಆ ಕಾಗದ ಹಿಡಿದು ಗಾಜಿನ ಕೋಣೆಯಲ್ಲಿ ಒಬ್ಬನೇ ನಕ್ಕಿದ್ದನ್ನು ಎಲ್ಲರೂ ನೋಡಿದರು. ಎರಡು ತಿಂಗಳು ಕೆಲಸ ಕಡಿಮೆಯಾಗಿ ಎಲ್ಲರಿಗೂ ಕೈ ಬಿಗಿಯಾಯಿತು. ತಪ್ಪಮ್ಮನನ್ನು ಬೈದವರೂ ಇದ್ದರು, ಅದೂ ಎದುರಿಗೇ. ಆಮೇಲೆ ಆಸ್ಪತ್ರೆಗಳಿಗೆ ಕೋಟು ಹೊಲಿಸುವ ಸಣ್ಣ ಗಿರಾಕಿಯೊಬ್ಬ ಸಿಕ್ಕಿದ. ಅವನಿಗೆ ಅವಸರವಿರಲಿಲ್ಲ, ಜೇಬು ಗಟ್ಟಿಯಿದ್ದರೆ ಸಾಕಿತ್ತು.

ಮರುವರ್ಷ ದೊಡ್ಡ ಕಂಪನಿಯವರು ಮತ್ತೆ ಎರಡು ವಾರ ಮುಂಚೆ ಕೇಳಿದರು. ಯಜಮಾನ ಫೋನಿನಲ್ಲಿ “ಆಗಲ್ಲ” ಅಂದ. ಅವನು ಆ ಮಾತು ಹೇಳಿದ್ದನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಮೂರನೇ ಸಾಲಿನ ಯಂತ್ರಗಳೆಲ್ಲ ಒಂದೊಂದಾಗಿ ನಿಂತವು. ಅರ್ಧ ಗಂಟೆಯ ಮೇಲೆ ಅತ್ತಲಿಂದ ಫೋನು ಬಂತು. ಒಂದು ವಾರ ಮುಂಚೆ ಕೊಟ್ಟರೂ ನಡೆಯುತ್ತದಂತೆ.

ಅದಾದ ಮೇಲೆ ಕಂಪನಿಯವರು ಎಲ್ಲ ದೇಶದ ಕಾರ್ಖಾನೆಗಳ ಸಭೆ ಕರೆದರು. ನಿಮ್ಮಲ್ಲಿ ನಡೆದದ್ದನ್ನು ಹೇಳಲು ಒಬ್ಬ ಕೆಲಸಗಾರ್ತಿಯನ್ನು ಕಳಿಸಿ ಅಂದರು. ತಪ್ಪಮ್ಮ ಸುತರಾಂ ಒಪ್ಪಲಿಲ್ಲ. ಮೂರು ದಿನ ತನ್ನ ಮೇಜಿನಲ್ಲಿ ಬೇರೆಯವರು ಕೂತರೆ ಏನೇನು ಮುಂದಕ್ಕೆ ಹೋಗಿಬಿಡುತ್ತದೋ ಎಂಬ ಚಿಂತೆ. ಎಡಚಿ ಹೋದಳು. ವಿಮಾನದಲ್ಲಿ ಕಿಟಕಿ ಪಕ್ಕದ ಸೀಟು ಕೇಳಿ ಪಡೆದಳಂತೆ.

ನಾಲ್ಕನೇ ದಿನ ವಾಪಸು ಬಂದವಳನ್ನು ಊಟದ ಹೊತ್ತಿಗೆ ಎಲ್ಲರೂ ಮುತ್ತಿಕೊಂಡರು.

“ಅಲ್ಲಿ ಏನಂತ ಮಾತಾಡ್ದೆ?”

“ಒಂದೇ ಮಾತು. ನೀವು ಅವಸರ ಮಾಡೋದು ಬಿಡಿ, ಬೀಗದ ಅವಶ್ಯಕತೆನೇ ಬೀಳಲ್ಲ ಅಂದೆ.”

“ಅವರೇನಂದ್ರು?”

“ಎದ್ದು ನಿಂತು ಚಪ್ಪಾಳೆ ತಟ್ಟಿದ್ರು ಕಣ್ರೇ. ಐದು ನಿಮಿಷ! ಒಬ್ಬಳು ಅತ್ತೇಬಿಟ್ಟಳು. ಆಮೇಲೆ ಟೀ ಕುಡಿಯುವಾಗ ಒಬ್ಬ ದೊಡ್ಡ ಮನುಷ್ಯ ಹತ್ತಿರ ಬಂದು, ಮುಂದಿನ ಸಲ ಎಷ್ಟು ಬೇಗ ಕೊಡಬಲ್ಲಿರಿ ಅಂತ ಕೇಳಿದ.”

“ಏನು ಹೇಳ್ದೆ?” ಎಂದು ಕೇಳಿದಳು ತಪ್ಪಮ್ಮ.

“ನಮ್ಮಲ್ಲಿ ಒಬ್ಬಳಿದಾಳೆ, ಅಂಗಿಗೆ ನಲವತ್ತು ಸೆಕೆಂಡ್ ತಗೋತಾಳೆ, ಅದಕ್ಕಿಂತ ಬೇಗ ಆಗಲ್ಲ ಅಂದೆ.”

ಎಲ್ಲರೂ ನಕ್ಕರು. ತಪ್ಪಮ್ಮ ಡಬ್ಬಿ ಮುಚ್ಚಿ ಎದ್ದಳು.

“ಎರಡು ಜೇಬಿದ್ರೆ ನಲವತ್ತೈದು,” ಅಂದಳು.